ಪತ್ತೇದಾರನಿಗೆ ಪಿಶಾಚಿ ಎದುರಾದರೆ?

ಮಧ್ಯಾಹ್ನ ಪಾತ್ರೆ ತೊಳೆದಿಟ್ಟು, ಸೆರಗಿಗೆ ಕೈ ಒರೆಸಿಕೊಂಡು ಕೂತಾಗ ಪತ್ತೇದಾರಿ ಕಾದಂಬರಿ ಸಿಕ್ಕರೆ ಬಿಡುವವರುಂಟೇ? ಅದೇ ಪುಸ್ತಕದಲ್ಲಿ ರಕ್ತ ಹೀರುವ ಪಿಶಾಚಿಯೂ ಬಂದರೆ? ಪತ್ತೇದಾರ ಎಲ್ಲಕ್ಕೂ ಕಾರಣ ಹುಡುಕುವವನು. ಪಿಶಾಚಿಗೆ ಎಲ್ಲಿಂದ ಕಾರಣ ತರೋಣ ಹೇಳಿ!

ಅಮೆರಿಕದ ಲೇಖಕ ಲೋರೆನ್ ಎಸ್ಟಲ್‌ಮನ್ 1978ರಲ್ಲಿ ಇಂಥದೊಂದು ಕಾದಂಬರಿ ಬರೆದರು. ಹೆಸರು ‘ಷರ್ಲಾಕ್ ಹೋಮ್ಸ್ ವರ್ಸಸ್ ಡ್ರಾಕುಲಾ’. ಹೋಮ್ಸ್ 1887ರಲ್ಲಿ ಕಾನನ್ ಡಾಯ್ಲ್ ಅವರ ಲೇಖನಿಯಿಂದ ಹುಟ್ಟಿದವನು. ಡ್ರಾಕುಲಾ 1897ರಲ್ಲಿ ಬ್ರಾಮ್ ಸ್ಟೋಕರ್ ಕಾದಂಬರಿಯಲ್ಲಿ ಬಂದವನು. ಇಬ್ಬರೂ ಲಂಡನ್ನಿನಲ್ಲಿ ಓಡಾಡಿದವರೇ, ಆದರೆ ಮೂಲ ಕಥೆಗಳಲ್ಲಿ ಮುಖಾಮುಖಿಯಾಗಲಿಲ್ಲ. ಎಸ್ಟಲ್‌ಮನ್ ಆ ಭೇಟಿ ಮಾಡಿಸಿದರು.

ಬಿರುಗಾಳಿಯಲ್ಲಿ ವಿಟ್ಬಿ ಬಂದರಿಗೆ ಒಂದು ಹಡಗು ಬಂದು ಬಡಿಯುತ್ತದೆ. ಚುಕ್ಕಾಣಿಗೆ ಕಟ್ಟಿಕೊಂಡಿರುವ ಕಪ್ತಾನನ ಹೆಣ ಬಿಟ್ಟರೆ ಅದರಲ್ಲಿ ಮನುಷ್ಯರೇ ಇಲ್ಲ! ಸ್ಟೋಕರ್ ಕಥೆಯ ಈ ಹಡಗನ್ನೇ ಹೋಮ್ಸ್ ಇಲ್ಲಿ ಪರೀಕ್ಷಿಸುತ್ತಾನೆ. ಕಥೆ ಹೇಳುವವನು ಎಂದಿನಂತೆ ಡಾಕ್ಟರ್ ವಾಟ್ಸನ್. ಮುಂದೆ ಡ್ರಾಕುಲಾ ವಾಟ್ಸನನ ಹೆಂಡತಿ ಮೇರಿಯನ್ನೇ ಅಪಹರಿಸುತ್ತಾನೆ. ಪಿಶಾಚಿ ನಿಜವೆಂದು ಒಪ್ಪಿದ ಮೇಲೂ ಹೋಮ್ಸ್ ತನ್ನ ಬುದ್ಧಿಯನ್ನು ಪಕ್ಕಕ್ಕಿಡುವುದಿಲ್ಲ, ಸುಳಿವು ಹಿಡಿದೇ ಹೊರಡುತ್ತಾನೆ.

ಇದನ್ನು ಓದುವ ಮುಂಚೆ ಡಾಯ್ಲ್ ಅವರೇ 1924ರಲ್ಲಿ ಬರೆದ ‘ಸಸೆಕ್ಸ್ ವ್ಯಾಂಪೈರ್’ ಕಥೆ ಓದಿ. ಅಲ್ಲಿ ಪೆರು ದೇಶದಿಂದ ಮದುವೆಯಾಗಿ ಬಂದ ಎರಡನೇ ಹೆಂಡತಿ. ಹಸುಗೂಸಿನ ಕುತ್ತಿಗೆಗೆ ಬಾಯಿಟ್ಟದ್ದನ್ನು ದಾದಿ ನೋಡುತ್ತಾಳೆ, ತುಟಿಯಲ್ಲಿ ರಕ್ತ! ಇನ್ನೇನು ಬೇಕು? ಗಂಡನಿಗೇ ಅನುಮಾನ. ಅವಳೋ ಬಾಯಿ ಬಿಡದೆ ಕೋಣೆ ಸೇರುತ್ತಾಳೆ.

ಹೋಮ್ಸ್ ನೋಡಿದ್ದು ಗೋಡೆಯ ಮೇಲೆ ತೂಗುಹಾಕಿದ್ದ ಆಯುಧಗಳನ್ನು, ಮನೆಯ ನಾಯಿಯ ಕಾಲಿನ ಸೊಟ್ಟನ್ನು. ಮೊದಲ ಹೆಂಡತಿಯ ಹದಿನೈದು ವರ್ಷದ ಮಗನೇ ಹೊಟ್ಟೆಕಿಚ್ಚಿನಿಂದ ಕೂಸಿಗೆ ವಿಷದ ಬಾಣ ಚುಚ್ಚಿದ್ದ. ತಾಯಿ ಆ ವಿಷ ಹೀರಿ ಮಗುವನ್ನು ಉಳಿಸಿದ್ದಳು. ನಿಜ ಹೇಳಿದರೆ ಗಂಡನ ಎದೆ ಒಡೆದೀತೆಂದು ಸುಮ್ಮನಿದ್ದಳು. ಪಿಶಾಚಿ ಅನ್ನಿಸಿಕೊಂಡವಳೇ ಕಾಪಾಡಿದವಳು!

ಸ್ಟೋಕರ್ ಕಥೆಯಲ್ಲೂ ಇಂಥದೊಂದು ಮಾತಿದೆ. ಎಲ್ಲರ ದಿನಚರಿ, ಕಾಗದಗಳನ್ನು ಟೈಪ್ ಮಾಡಿ, ತಾರೀಖಿನ ಪ್ರಕಾರ ಜೋಡಿಸುವವಳು ಮೀನಾ ಎಂಬ ಗೃಹಿಣಿ. ಡ್ರಾಕುಲಾ ಯಾವ ದಾರಿ ಹಿಡಿದಿರಬಹುದೆಂದು ಲೆಕ್ಕ ಹಾಕುವವಳೂ ಅವಳೇ. ಅಲ್ಲಿ ಪಿಶಾಚಿ ನಿಜ, ಸಸೆಕ್ಸ್‌ನಲ್ಲಿ ಸುಳ್ಳು. ಎರಡೂ ಕಡೆ ಉಪಯೋಗಕ್ಕೆ ಬಂದದ್ದು ಗಾಬರಿ ಅಲ್ಲ, ಏನು ಮೊದಲಾಯ್ತು, ಏನು ಆಮೇಲೆ ಎಂಬ ವಿಚಾರಣೆ.

ರಾತ್ರಿ ಓದುವಿರಾದರೆ ದೀಪ ಹಚ್ಚಿಟ್ಟುಕೊಳ್ಳಿ, ತಪ್ಪಿಲ್ಲ. ಆದರೆ ಯಾರ ಮನೆಯಲ್ಲಾದರೂ ‘ಈ ಸೊಸೆಯ ಕಾಲ್ಗುಣ ಸರಿಯಿಲ್ಲ, ಅವಳಿಂದಲೇ ಮಗುವಿಗೆ ಹೀಗಾಯ್ತು’ ಎಂಬ ಮಾತು ಬಂದರೆ, ಕೋಣೆಯಲ್ಲಿ ಒಬ್ಬಳೇ ಕೂತಿದ್ದ ಆ ತಾಯಿಯನ್ನು ನೆನೆಯಿರಿ. ಮೊದಲು ಅವಳನ್ನೇ ಕರೆದು ಕೇಳಿ: ‘ಏನಾಯ್ತಮ್ಮಾ?’