ನೆರೆಯ ಊರುಗಳಲ್ಲಿ ದೋಣಿಯನ್ನು ನೀರಿಗಿಳಿಸುವ ಮರದ ಬಂಡಿ

ಕೃಷ್ಣಾ, ಘಟಪ್ರಭಾ, ಮಲಪ್ರಭಾ ನದಿಗಳ ದಂಡೆಯ ಗ್ರಾಮಗಳಲ್ಲಿ ಊರಿಗೆಂದು ಒಂದು ಹಲಗೆಯ ದೋಣಿಯಿರುವುದು ಎಷ್ಟು ಅವಶ್ಯವೆಂಬುದನ್ನು 2005, 2009 ಮತ್ತು 2019ನೆಯ ಇಸವಿಗಳ ನೆರೆಗಳು ತೋರಿಸಿಕೊಟ್ಟಿವೆ. ಆದರೆ ದೋಣಿಯಿದ್ದ ಮಾತ್ರಕ್ಕೆ ಕಾರ್ಯವು ಸಾಧಿಸಿದಂತಾಗಲಿಲ್ಲ. ನದಿಯ ದಡದಲ್ಲಿ ಕಟ್ಟಿದ ದೋಣಿಯನ್ನು ಮೊದಲ ಸೆಳವೇ ಕೊಂಡೊಯ್ಯುವುದು. ಊರ ಗುಡಿಯ ಬಳಿ ಎತ್ತರದಲ್ಲಿ ಮಗುಚಿಟ್ಟ ದೋಣಿಯನ್ನು ಹೊತ್ತು ತರಲು ಆರೆಂಟು ಆಳು ಬೇಕು. ನಡುರಾತ್ರಿಯಲ್ಲಿ ನೀರು ಏರಿದಾಗ, ಪ್ರತಿಯೊಬ್ಬನೂ ತನ್ನ ದನಕರುಗಳನ್ನೂ ಕಾಳಿನ ಚೀಲಗಳನ್ನೂ ಹೆಂಡಿರು ಮಕ್ಕಳನ್ನೂ ನೋಡಿಕೊಳ್ಳುತ್ತಿರುವಾಗ, ಆರೆಂಟು ಆಳನ್ನು ಎಲ್ಲಿಂದ ತರುವುದು?

ನದಿಗೆ ಕಲ್ಲಿನ ಜಾರುದಾರಿಯನ್ನು ಕಟ್ಟಿಸಿದರೆ ಸಾಕೆಂದು ಕೆಲವರು ಹೇಳುವುದುಂಟು. ಇದು ಬೇಸಿಗೆಯ ಆಲೋಚನೆ. ನೆರೆಯ ಕಾಲದಲ್ಲಿ ನೀರಿನ ಅಂಚು ಒಂದೆಡೆ ನಿಲ್ಲುವುದಿಲ್ಲ. ಸಾಯಂಕಾಲ ಹೊಲದ ಬದುವಿನಲ್ಲಿದ್ದುದು ಬೆಳಗಾಗುವಷ್ಟರಲ್ಲಿ ಅಗಸೆಬಾಗಿಲಿಗೆ ಬರುವುದು. ಕಟ್ಟಿಸಿದ ಜಾರುದಾರಿಯು ಆಗ ನೀರಿನ ತಳದಲ್ಲಿ ಇರುತ್ತದೆ. ಆದುದರಿಂದ ದೋಣಿಯು ನೀರಿದ್ದಲ್ಲಿಗೆ ತಾನೇ ಹೋಗುವಂತಿರಬೇಕು. ಅಂದರೆ ಅದು ಗಾಲಿಯ ಮೇಲೆ ಕುಳಿತಿರಬೇಕು. ಹರಿಗೋಲಿಗೆ ಈ ತೊಂದರೆಯಿಲ್ಲ, ಒಬ್ಬನೇ ಅದನ್ನು ತಲೆಯ ಮೇಲೆ ಹೊರಬಲ್ಲನೆಂಬುದು ನಿಜವೇ. ಆದರೆ ಸೆಳವಿನಲ್ಲಿ ಅದು ತಿರುಗುವುದನ್ನು ಕಂಡವರು ಮುದುಕರನ್ನೂ ಬಾಣಂತಿಯರನ್ನೂ ಅದರಲ್ಲಿ ಕೂರಿಸಲು ಹಿಂಜರಿಯುವರು.

ಹದಿನಾಲ್ಕು ಅಡಿ ಉದ್ದದ, ಸುಮಾರು 160 ಕಿಲೋಗ್ರಾಂ ತೂಕದ ದೋಣಿಯೊಂದಕ್ಕೆ ಬಂಡಿಯನ್ನು ಊರ ಬಡಿಗನೂ ಕಮ್ಮಾರನೂ ಸೇರಿ ಮಾಡಬಹುದು. ಹಿತ್ತಲಿನಲ್ಲಿ ಬಿದ್ದಿರುವ ಹಳೆಯ ಚಕ್ಕಡಿಯ ಗಾಲಿಗಳನ್ನೇ ಜೋಡಿಸಿಬಿಡುವ ಆಸೆಯು ಮೊದಲು ಹುಟ್ಟುತ್ತದೆ. ಹಾಗೆ ಮಾಡತಕ್ಕದ್ದಲ್ಲ. ಎತ್ತರದ ಗಾಲಿಯ ಮೇಲಿನ ದೋಣಿಯು ತೇಲಬೇಕಾದರೆ ಬಂಡಿಯು ಎದೆಮಟ್ಟದ ನೀರಿಗೆ ಇಳಿಯಬೇಕಾಗುವುದು. ಅಷ್ಟರಲ್ಲಿ ಆಳುಗಳ ಕಾಲು ಕೀಳುವುದು. ಚಕ್ಕಡಿಯ ಕಬ್ಬಿಣದ ಅಚ್ಚನ್ನು ಮಾತ್ರ ಇಟ್ಟುಕೊಂಡು, ಗಾಲಿಗಳನ್ನು ಎರಡು ಅಡಿ ಎತ್ತರದವನ್ನಾಗಿ ಹೊಸದಾಗಿ ಮಾಡಿಸುವುದು ಉತ್ತಮ. ಎರಡು ಅಂಗುಲ ದಪ್ಪದ ಜಾಲಿಯ ಹಲಗೆಗಳನ್ನು ಎರಡು ಪದರವಾಗಿ, ಒಂದರ ಎಳೆಗೆ ಇನ್ನೊಂದರ ಎಳೆಯು ಅಡ್ಡವಾಗುವಂತೆ ಜೋಡಿಸಿ, ಬೋಲ್ಟುಗಳಿಂದ ಬಿಗಿದು, ದುಂಡಗೆ ಕೊಯ್ದು, ಮೇಲೆ ಕಾದ ಕಬ್ಬಿಣದ ಪಟ್ಟಿಯನ್ನು ಏರಿಸಬೇಕು. ಗಾಲಿಯ ಅಗಲವು ನಾಲ್ಕು ಅಂಗುಲಕ್ಕೆ ಕಡಿಮೆಯಾದರೆ ನೆನೆದ ಎರೆಮಣ್ಣಿನಲ್ಲಿ ಹೂತುಹೋಗುವುದು. ಮೊಳೆಗಳನ್ನು ನಂಬಬಾರದು, ನೆನೆದು ಒಣಗುವ ಮರದಲ್ಲಿ ಅವು ಒಂದೆರಡು ವರ್ಷಗಳಲ್ಲಿ ಸಡಿಲವಾಗುತ್ತವೆ.

ಚೌಕಟ್ಟಿಗೆ ಬೇವಿನ ಅಥವಾ ಮತ್ತಿಯ ಹದಿನಾಲ್ಕು ಅಡಿಯ ಎರಡು ತೊಲೆಗಳು ಸಾಕು. ಅವು ಮುಂದುಗಡೆ ಚಕ್ಕಡಿಯ ಮೂಕಿಯಂತೆ ಒಂದುಗೂಡಿ, ಹಿಂದುಗಡೆ ನಾಲ್ಕು ಅಡಿ ಅಗಲಿಸಿರಬೇಕು. ಮೇಲೆ ಎರಡು ಅಡ್ಡಮರಗಳನ್ನು ಕೂರಿಸಿ, ದೋಣಿಯ ತಳದ ಆಕಾರಕ್ಕೆ ಸರಿಯಾಗಿ ಕೆತ್ತಿ, ಗೋಣಿತಟ್ಟನ್ನು ಸುತ್ತಿ ನಾರಿನ ಹುರಿಯಿಂದ ಬಿಗಿಯಬೇಕು. ದೋಣಿಯ ತಳವು ನೆಲದಿಂದ ಒಂದೂವರೆ ಅಡಿಗಿಂತ ಮೇಲಿರಕೂಡದು.

ಅಚ್ಚನ್ನು ಎಲ್ಲಿ ಇಡಬೇಕೆಂಬುದೇ ಈ ಕೆಲಸದಲ್ಲಿ ಮುಖ್ಯವಾದುದು, ಮತ್ತು ಬಡಿಗರು ಅಂದಾಜಿಗೆ ಬಿಡುವುದೂ ಇದನ್ನೇ. ದೋಣಿಯ ಕೆಳಗೆ ಒಂದು ದುಂಡುಮರವನ್ನು ಅಡ್ಡವಾಗಿಟ್ಟು, ದೋಣಿಯು ತಕ್ಕಡಿಯಂತೆ ಸಮತೂಗುವ ಸ್ಥಳವನ್ನು ಹುಡುಕಿ, ಸುಣ್ಣದ ಗುರುತು ಹಾಕಬೇಕು. ಅಚ್ಚು ಆ ಗುರುತಿಗೆ ಒಂದು ಅಡಿ ಹಿಂದೆ ಬರಬೇಕು. ಮೂಕಿಯ ತುದಿಯು ಅಚ್ಚಿನಿಂದ ಹತ್ತು ಅಡಿ ದೂರವಿದ್ದರೆ, ಅಲ್ಲಿ ದೋಣಿಯ ತೂಕದ ಹತ್ತನೆಯ ಒಂದು ಪಾಲು, ಅಂದರೆ 16 ಕಿಲೋಗ್ರಾಂ, ಬೀಳುತ್ತದೆ. ಒಬ್ಬನು ಅದನ್ನು ಎತ್ತಿ ಹಿಡಿಯಬಲ್ಲನು. ಅಚ್ಚು ಗುರುತಿಗಿಂತ ಮುಂದಾದರೆ ಮೂಕಿಯು ಆಕಾಶಕ್ಕೆ ಎದ್ದು ದೋಣಿಯು ಹಿಂದಕ್ಕೆ ಬೀಳುವುದು.

ನೀರಿಗಿಳಿಸುವ ಸ್ಥಳವು ಎಂಟಡಿಗೆ ಒಂದಡಿಯಂತೆ ಇಳಿಜಾರಾಗಿದ್ದರೆ ಒಳ್ಳೆಯದು. ಬಂಡಿಯೂ ಸೇರಿ 260 ಕಿಲೋಗ್ರಾಂ ಭಾರವು ಅಂತಹ ಇಳಿಜಾರಿನಲ್ಲಿ ಸುಮಾರು 33 ಕಿಲೋಗ್ರಾಂನಷ್ಟು ಮಾತ್ರ ಎಳೆಯುತ್ತದೆ, ಇಬ್ಬರು ಸಾಕು. ನಾಲ್ಕಡಿಗೆ ಒಂದಡಿಯಾದರೆ 65 ಆಗುತ್ತದೆ. ಆಗ ಹಗ್ಗವನ್ನು ಮರಕ್ಕೆ ಒಂದು ಸುತ್ತು ಹಾಕಿ ಸಡಿಲಿಸುತ್ತ ಇಳಿಸಬೇಕು. ದೋಣಿಯ ಹಿಂಭಾಗವೇ ಮೊದಲು ನೀರಿಗೆ ಹೋಗಬೇಕು. ಗಾಲಿಯ ಬಳಿ ಎರಡು ಅಡಿ ನೀರಾದೊಡನೆ ದೋಣಿಯು ಎದ್ದುಕೊಳ್ಳುತ್ತದೆ. ಮೂಕಿ ಹಿಡಿದವರ ಮೊಣಕಾಲಿಗೂ ನೀರು ತಾಗಿರುವುದಿಲ್ಲ. ದೋಣಿಯು ಬಿಟ್ಟುಹೋದೊಡನೆ ಬಂಡಿಯೂ ಹಗುರವಾಗಿ ತೇಲಲು ನೋಡುವುದರಿಂದ, ಅದನ್ನು ಮೊದಲೇ ಗಟ್ಟಿಮರಕ್ಕೆ ಕಟ್ಟಿರಬೇಕು. ಹಗ್ಗವನ್ನು ಕೈಗೆ ಸುತ್ತಿಕೊಳ್ಳುವುದು ಸಲ್ಲದು. ಟ್ರ್ಯಾಕ್ಟರು ಊರದಾರಿಯಲ್ಲಿ ಬಂಡಿಯನ್ನು ಎಳೆಯಬಹುದು, ನೀರಿನ ಅಂಚಿನಲ್ಲಿ ಅದನ್ನು ಬಿಚ್ಚಿಬಿಡತಕ್ಕದ್ದು. ನಡುಹೊಳೆಯ ಸೆಳವಿಗೆ ಈ ದೋಣಿಯನ್ನು ಒಡ್ಡದೆ, ಹೊಲಗದ್ದೆಗಳ ಮೇಲೆ ನಿಂತ ನೀರಿನಲ್ಲಿ ಮಾತ್ರ ನಡೆಸಬೇಕು.

ಬಂಡಿಗೆ ವರ್ಷಕ್ಕೊಮ್ಮೆ ಅಗಸೆ ಎಣ್ಣೆಯನ್ನು ಹಚ್ಚಿದರೆ ಮರವು ಬಾಳುತ್ತದೆ. ಎಣ್ಣೆ ಒರೆಸಿದ ಬಟ್ಟೆಗಳನ್ನು ಗುಡ್ಡೆಹಾಕಿದರೆ ಅವು ತಾವಾಗಿಯೇ ಕಾದು ಹೊತ್ತಿಕೊಳ್ಳುವುದುಂಟಾದ್ದರಿಂದ ಬಿಡಿಸಿ ಹರವಿ ಒಣಗಿಸಬೇಕು. ಬೇಸಿಗೆಯಲ್ಲಿ ಒಣಗಿದ ದೋಣಿಯ ಹಲಗೆಗಳ ಸಂದುಗಳು ಬಿಟ್ಟುಕೊಂಡಿರುತ್ತವೆ. ಕಾರಹುಣ್ಣಿಮೆಯ ಹೊತ್ತಿಗೆ ದೋಣಿಯೊಳಗೆ ಒಂದು ಗೇಣು ನೀರು ತುಂಬಿ ಎರಡು ಮೂರು ದಿನ ಬಿಟ್ಟರೆ ಹಲಗೆಗಳು ಉಬ್ಬಿ ಸಂದು ಕೂಡುವುದು. ಆ ನೀರನ್ನು ಚೆಲ್ಲಿದ ಮೇಲೆ ಊರ ಮುಖಂಡರು ಇಬ್ಬರೇ ಆಳುಗಳನ್ನು ಕರೆದು, ಗುಡಿಯಿಂದ ಕೆರೆಯ ಅಂಚಿನವರೆಗೆ ಬಂಡಿಯನ್ನು ಒಮ್ಮೆ ನಡೆಸಿ, ದೋಣಿಯನ್ನು ಇಳಿಸಿ ಏರಿಸಿ ನೋಡತಕ್ಕದ್ದು. ಸಾಧ್ಯವಾದರೆ ಕತ್ತಲಾದ ಮೇಲೆ.