ಓಕ್ ಮರದ ಗೋಡೆಗಳ ದೇವಾಲಯ

ಇಂಗ್ಲೆಂಡಿನ ಹಳ್ಳಿಯ ಇಗರ್ಜಿಯೆಂದೊಡನೆ ನಮ್ಮ ಕಣ್ಣೆದುರು ನಿಲ್ಲುವುದು ಕಲ್ಲಿನ ಕಟ್ಟಡ, ಎತ್ತರವಾದ ಗೋಪುರ, ಬಣ್ಣದ ಗಾಜಿನ ಕಿಟಕಿ. ಎಸೆಕ್ಸ್ ಪ್ರಾಂತದ ಆಂಗರ್ ಪೇಟೆಯ ಬಳಿಯಲ್ಲಿರುವ ಗ್ರೀನ್‌ಸ್ಟೆಡ್ ಗ್ರಾಮದ ಸಂತ ಆಂಡ್ರೂ ದೇವಾಲಯವು ಈ ಮಾತಿಗೆ ಹೊರತಾದುದು. ಇದರ ಸಭಾಭಾಗದ ಗೋಡೆಗಳು ಕಲ್ಲಿನವಲ್ಲ, ಇಟ್ಟಿಗೆಯವಲ್ಲ. ಓಕ್ ಮರದ ದಿಮ್ಮಿಗಳೇ ಅಲ್ಲಿ ಗೋಡೆಯಾಗಿ ನಿಂತಿರುವುವು.

ಆ ಕೆಲಸದ ರೀತಿಯನ್ನು ವಾಚಕರು ಸ್ವಲ್ಪ ಗಮನಿಸಬೇಕು. ದೊಡ್ಡ ಓಕ್ ಮರಗಳನ್ನು ಉದ್ದಕ್ಕೆ ಸೀಳಿ, ಸೀಳಿದ ಚಪ್ಪಟೆಯ ಮುಖವನ್ನು ಒಳಗಡೆಗೂ ದುಂಡಾದ ಬೆನ್ನನ್ನು ಹೊರಗಡೆಗೂ ಮಾಡಿ, ಒಂದರ ಪಕ್ಕದಲ್ಲೊಂದನ್ನು ನೆಟ್ಟಗೆ ನಿಲ್ಲಿಸಿದರು. ಒಳಮುಖದಲ್ಲಿ ಬಾಚಿಯ ಏಟಿನ ಗುರುತುಗಳು ಇನ್ನೂ ಕಾಣುವುವು. ಪ್ರತಿಯೊಂದು ದಿಮ್ಮಿಯ ಅಂಚಿನಲ್ಲಿಯೂ ತೋಡು ಕೊರೆದು, ಎರಡು ತೋಡುಗಳ ನಡುವೆ ತೆಳುವಾದ ಮರದ ಪಟ್ಟಿಯೊಂದನ್ನು ನಾಲಗೆಯಂತೆ ಸೇರಿಸಿದುದರಿಂದ ಗಾಳಿಮಳೆಗಳು ಒಳಹೋಗುವಂತಿರಲಿಲ್ಲ. ನಮ್ಮ ಬಡಗಿಗಳು ಇದನ್ನು ನೋಡಿದರೆ ಪರಿಚಯದ ಕೆಲಸವೆಂದೇ ತಲೆದೂಗುವರು.

ಇದರ ವಯಸ್ಸಿನ ವಿಚಾರದಲ್ಲಿ ವಿದ್ವಾಂಸರು ಬಹುಕಾಲ ಚರ್ಚಿಸಿರುವರು. 1960ರಲ್ಲಿ ಮರದ ಉಂಗುರಗಳನ್ನೆಣಿಸಿ ಕಟ್ಟಡವು ಸುಮಾರು 845ನೆಯ ಇಸವಿಯದೆಂದರು. 1990ರ ದಶಕದಲ್ಲಿ ಮರಳಿ ಪರೀಕ್ಷಿಸಲಾಗಿ, ಮರಗಳನ್ನು ಕಡಿದುದು 11ನೆಯ ಶತಮಾನದ ಉತ್ತರಾರ್ಧದಲ್ಲಿಯೆಂದು ತಿಳಿದುಬಂದಿತು. ಡೇನರಿಂದ ಹತನಾದ ಎಡ್ಮಂಡ್ ರಾಜನ ದೇಹವನ್ನು 1013ರಲ್ಲಿ ಲಂಡನ್ನಿನಿಂದ ಬರಿ ಪಟ್ಟಣಕ್ಕೆ ಒಯ್ಯುವಾಗ ಇಲ್ಲಿ ಇಳಿಸಿದ್ದರೆಂಬ ಐತಿಹ್ಯವುಂಟು. ಹೊಸ ಲೆಕ್ಕದಂತೆ ಆಗ ಈ ಗೋಡೆಗಳೇ ಇರಲಿಲ್ಲ. ಆದರೂ ಐತಿಹ್ಯವನ್ನು ಪೂರ್ತಿಯಾಗಿ ತಳ್ಳಿಹಾಕುವುದು ಯುಕ್ತವಲ್ಲ. ನೆಲವನ್ನು ಅಗೆದಾಗ ಇದಕ್ಕಿಂತ ಹಳೆಯ ಮರದ ಕಟ್ಟಡಗಳ ಕುರುಹುಗಳು ದೊರೆತಿರುವುವು.

ಪೂರ್ವದಲ್ಲಿ ಗರ್ಭಗುಡಿಯಂತಿರುವ ಭಾಗವನ್ನು ಸುಮಾರು 1500ರಲ್ಲಿ ಇಟ್ಟಿಗೆಯಿಂದ ಕಟ್ಟಿದರು. ಪಶ್ಚಿಮದ ಬಿಳಿಯ ಹಲಗೆಯ ಗೋಪುರವು ಇನ್ನೂ ಈಚಿನದು.

1848ರ ವೇಳೆಗೆ ದಿಮ್ಮಿಗಳ ಬುಡವು ಕೊಳೆತುಹೋಗಿದ್ದಿತು. ಕೊಳೆತ ಭಾಗವನ್ನು ಕತ್ತರಿಸಿ, ಉಳಿದುದನ್ನು ಇಟ್ಟಿಗೆಯ ಜಗಲಿಯ ಮೇಲೆ ಕೂರಿಸಿದರು. ಪುರಾತನ ವಸ್ತುವಿಗೆ ಕತ್ತಿಯಿಟ್ಟರೆಂದು ಕೆಲವರು ಕೊರಗುವರು. ಹಾಗೆ ಮಾಡದಿದ್ದರೆ ಇಂದು ಕೊರಗುವುದಕ್ಕೂ ಗೋಡೆಯಿರುತ್ತಿರಲಿಲ್ಲವೆಂಬುದು ನಮ್ಮ ಅಭಿಪ್ರಾಯ. ಆ ಜೀರ್ಣೋದ್ಧಾರವು ನಡೆದುದು ಪಾದ್ರಿ ಫಿಲಿಪ್ ರೇ ಅವರ ಕಾಲದಲ್ಲಿ.

ಇದೇ ಪಾದ್ರಿಗಳ ಹೆಸರು ಇನ್ನೊಂದು ಕಥೆಯಲ್ಲಿಯೂ ಬರುವುದು. ಡಾರ್ಸೆಟ್ ಪ್ರಾಂತದ ಟಾಲ್‌ಪಡಲ್ ಗ್ರಾಮದ ಆರು ಮಂದಿ ಕೂಲಿಗಾರರು, ವಾರದ ಕೂಲಿಯನ್ನು 9 ಷಿಲಿಂಗಿನಿಂದ 7ಕ್ಕೆ ಇಳಿಸಿ, ಇನ್ನೂ ಇಳಿಸುವೆವೆಂದು ಬೆದರಿಸಲಾಗಿ, ಸಂಘವನ್ನು ಕಟ್ಟಿಕೊಂಡರು. ಗುಪ್ತವಾಗಿ ಪ್ರಮಾಣ ಮಾಡಿಸಿದರೆಂಬ ಆರೋಪದ ಮೇಲೆ 1834ರಲ್ಲಿ ಅವರಿಗೆ ಏಳು ವರ್ಷಗಳ ದೇಶಾಂತರ ಶಿಕ್ಷೆಯಾಯಿತು; ಆಸ್ಟ್ರೇಲಿಯಾ ಖಂಡಕ್ಕೆ ಅವರನ್ನು ಸಾಗಿಸಿದರು. ಜನರ ಕೂಗಿಗೆ ಮಣಿದು ಸರ್ಕಾರವು 1836ರಲ್ಲಿ ಕ್ಷಮೆಯನ್ನಿತ್ತಿತು. ಮರಳಿ ಬಂದವರಿಗಾಗಿ ಚಂದಾ ಹಣದಿಂದ ಗ್ರೀನ್‌ಸ್ಟೆಡ್ಡಿನಲ್ಲಿಯೂ ನೆರೆಯ ಹೈ ಲೇವರಿನಲ್ಲಿಯೂ ಹೊಲಗಳನ್ನು ಗುತ್ತಿಗೆಗೆ ಕೊಡಿಸಿದರು.

ಬಂದವರು ಸುಮ್ಮನೆ ಕುಳಿತಿರಲಿಲ್ಲ. ಬಡವರಿಗೂ ಮತಾಧಿಕಾರ ಬೇಕೆಂಬ ಚಾರ್ಟಿಸ್ಟರ ಸಭೆಯನ್ನು ಹಳ್ಳಿಯಲ್ಲಿ ನಡೆಸತೊಡಗಿದರು. ಪಾದ್ರಿಗಳು ಅವರನ್ನು ಬಹಿರಂಗವಾಗಿ ಖಂಡಿಸಿದರು. ಮರದ ಗೋಡೆಗಳ ನೋವನ್ನು ಕಂಡುಕೊಂಡವರಿಗೆ ಕೂಲಿಗಾರರ ನೋವು ಕಾಣಲಿಲ್ಲವೇಕೋ! ಆದರೂ ಆ ಕೂಲಿಗಾರರಲ್ಲಿ ಕಿರಿಯವನಾದ ಜೇಮ್ಸ್ ಬ್ರೈನನು, ಜೊತೆಯಲ್ಲಿಯೇ ಶಿಕ್ಷೆಯನ್ನನುಭವಿಸಿದ್ದ ಥಾಮಸ್ ಸ್ಟ್ಯಾಂಡ್‌ಫೀಲ್ಡನ ಮಗಳು ಎಲಿಜಬೆತ್ತಳನ್ನು 1839ರಲ್ಲಿ ಮದುವೆಯಾದುದು ಇದೇ ದೇವಾಲಯದಲ್ಲಿ. ಕೆಲವು ವರ್ಷಗಳ ತರುವಾಯ ಈ ಕುಟುಂಬಗಳು ಹೊಲಗಳನ್ನು ಬಿಟ್ಟು ಕೆನಡಾ ದೇಶಕ್ಕೆ ಹಡಗು ಹತ್ತಿದುವು. ಜೇಮ್ಸ್ ಹ್ಯಾಮೆಟ್ ಎಂಬವನೊಬ್ಬನು ಮಾತ್ರ ಟಾಲ್‌ಪಡಲ್ಲಿಗೆ ಹಿಂದಿರುಗಿದನು.