ಚಿನ್ನದ ಊರಿನ ನಿರುದ್ಯೋಗ

1902ರಲ್ಲಿ ಶಿವನಸಮುದ್ರದ ವಿದ್ಯುತ್ತನ್ನು ಮೊದಲು ಪಡೆದ ಕೋಲಾರದ ಚಿನ್ನದ ಗಣಿಯು, ಮೂರು ಕಿಲೋಮೀಟರಿಗೂ ಮಿಗಿಲಾದ ಆಳದಿಂದ ಅದಿರನ್ನೆತ್ತುವ ವೆಚ್ಚವು ದೊರೆವ ಚಿನ್ನದ ಬೆಲೆಯನ್ನು ಮೀರಿದುದರಿಂದ, 2001ರ ಫೆಬ್ರವರಿಯಲ್ಲಿ ಮುಚ್ಚಿತು.

ಆದರೆ ಅಲ್ಲಿಯ ನಿರುದ್ಯೋಗಕ್ಕೆ ಗಣಿ ಮುಚ್ಚಿದುದೊಂದೇ ಕಾರಣವಲ್ಲ. ಶತಮಾನಕ್ಕೂ ಮೇಲ್ಪಟ್ಟು ಗಣಿಯನ್ನೇ ನೆಚ್ಚಿದ್ದ ಆ ಪಟ್ಟಣದಲ್ಲಿ, ಬೆಮೆಲ್ ಕಾರ್ಖಾನೆಯನ್ನುಳಿದರೆ, ಸಾವಿರಾರು ಕೈಗಳಿಗೆ ಆಸರೆಯಾಗಬಲ್ಲ ಮತ್ತೊಂದು ದೊಡ್ಡ ಉದ್ಯಮ ಬೇರೂರಲಿಲ್ಲ. ಇದು, ನನ್ನ ಮಟ್ಟಿಗೆ, ಭೂಮಿಯ ದೋಷವಲ್ಲ, ದೂರದೃಷ್ಟಿಯ ಅಭಾವ.

ಅಲ್ಲಿಯ ಮಾರಿಕುಪ್ಪಂ ರೈಲು ನಿಲ್ದಾಣದಲ್ಲಿ, ಬೆಳಕು ಹರಿಯುವ ಮುನ್ನವೇ, ಬುತ್ತಿಯ ಡಬ್ಬಿಯನ್ನು ಕಂಕುಳಲ್ಲಿ ಅವುಚಿಕೊಂಡು ಬೆಂಗಳೂರಿನ ರೈಲಿಗೆ ಕಾದು ನಿಂತವರನ್ನು ನೋಡಿರಿ: ಅಜ್ಜನು ಚಿನ್ನವನ್ನಗೆದ ಮನೆಯ ಮೊಮ್ಮಗನು ದಿನಗೂಲಿಗಾಗಿ ನಿತ್ಯವೂ ಹೋಗಿಬರುವ ದಾರಿ ಸುಮಾರು 200 ಕಿಲೋಮೀಟರು. ಆತನು ಮರಳುವ ಹೊತ್ತಿಗೆ ಮಕ್ಕಳು ನಿದ್ರಿಸಿರುತ್ತಾರೆ. ಹೊರಗೆ, ಗಣಿಯ ತ್ಯಾಜ್ಯ ಪೇರಿಸಿದ ಸೈನೈಡ್ ದಿಬ್ಬಗಳ ಧೂಳು ಗಾಳಿಗೆ ಏಳುತ್ತಿರುತ್ತದೆ.